ಸೆಲ್ಫ್ ಹೋದ ಜೀಪು

ಮೋಟಾರು ಗಾಡಿಗಳ ಪರಿಭಾಷೆಯಲ್ಲಿ ‘ಸೆಲ್ಫ್’ ಎಂಬುದೊಂದು ಮಾತುಂಟು. ಇಂಗ್ಲಿಷ್ ಬಲ್ಲವರಿಗೆ ಅದರ ಅರ್ಥ ‘ತಾನು’ ಎಂದು. ವೇದಾಂತಿಗಳ ಬಾಯಲ್ಲಾದರೆ ‘ಆತ್ಮ’ ಎಂದು. ಆದರೆ ನಮ್ಮ ಹುಣಸೂರು, ಪಿರಿಯಾಪಟ್ಟಣಗಳ ಗ್ಯಾರೇಜುಗಳಲ್ಲಿ ಸೆಲ್ಫ್ ಎಂದರೆ ಇಂಜಿನ್ನಿನ ಮಗ್ಗುಲಿಗೆ ಅಂಟಿಕೊಂಡಿರುವ, ಮೊಳಕ್ಕಿಂತ ತುಸು ಕಡಮೆ ಉದ್ದದ ಒಂದು ಕಬ್ಬಿಣದ ಉರುಳೆ. ಕೀಲಿ ತಿರುಗಿಸಿದೊಡನೆ ಮಲಗಿರುವ ಇಂಜಿನ್ನನ್ನು ಎಬ್ಬಿಸುವ ವಿದ್ಯುತ್ ಮೋಟಾರು ಅದರೊಳಗಿದೆ. “ಸೆಲ್ಫ್ ಹೊಡೀತಾ ಇಲ್ಲ”, “ಸೆಲ್ಫ್ ವೀಕಾಗಿದೆ”, “ಸೆಲ್ಫ್ ಹೋಯ್ತು” — ಇವು ಅಲ್ಲಿನ ದಿನಬಳಕೆಯ ಮಾತುಗಳು. ಎಂ.ಎ. ತರಗತಿಯಲ್ಲಿ ಎರಡು ವರ್ಷ ವಚನಕಾರರ ಆತ್ಮವಿಚಾರವನ್ನು ಓದಿ, ಈಗ ಅದನ್ನೇ ಮೈಸೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿರುವ ನನಗೆ ರಾವಂದೂರಿನ ನಮ್ಮ ಪಕ್ಕದ ಮನೆಯ ಹುಡುಗ ಫೋನು ಮಾಡಿ, “ಅಣ್ಣಾ, ನಿಮ್ಮಪ್ಪಾರ್ದು ಸೆಲ್ಫ್ ಹೋಗದೆ” ಎಂದಾಗ ಒಂದು ಕ್ಷಣ ಎದೆ ಧಸಕ್ಕೆಂದಿತೆಂದರೆ ಓದುಗರು ನಗಬಾರದು. ಹೋದದ್ದು ಅಪ್ಪನ ಜೀಪಿನ ಸೆಲ್ಫ್ ಎಂದು ತಿಳಿದ ಮೇಲೆ ನಾನೂ ನಕ್ಕೆ. ಆದರೆ ಮುಂದೆ ನಡೆದ ಸಂಗತಿಗಳನ್ನು ನೆನೆದರೆ, ಆ ಹುಡುಗನ ಮಾತಿನಲ್ಲಿ ಅವನು ತಿಳಿದದ್ದಕ್ಕಿಂತ ಹೆಚ್ಚಿನ ಅರ್ಥವಿತ್ತೆಂದು ತೋರುತ್ತದೆ.

ರಾವಂದೂರು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಹೊಗೆಸೊಪ್ಪು, ರಾಗಿ, ಮುಸುಕಿನ ಜೋಳಗಳ ನಾಡು. ಡಾಂಬರು ರಸ್ತೆಯಲ್ಲಿ ಯಾವ ಗಾಡಿ ಬೇಕಾದರೂ ಓಡೀತು. ರಸ್ತೆ ಬಿಟ್ಟು ಹೊಲದ ಓಣಿಗೆ ಇಳಿದ ಮೇಲೆ, ಅದರಲ್ಲಿಯೂ ಆಷಾಢದ ಮಳೆ ಹಿಡಿದ ಮೇಲೆ, ಗಾಡಿಯ ಯೋಗ್ಯತೆ ಬಯಲಾಗುತ್ತದೆ. ಕಲ್ಲು, ಕೆಸರು, ಹಳ್ಳ ಎನ್ನದೆ ಎಲ್ಲ ನೆಲದಲ್ಲಿಯೂ ಓಡುವ, ಸೈಕಲ್ಲಿನಂತೆ ಹಿಡಿಕೆಯುಳ್ಳ ನಾಲ್ಕು ಚಕ್ರದ ಪುಟ್ಟ ವಾಹನಗಳು ಈಗ ಬಂದಿವೆ, ಎ.ಟಿ.ವಿ. ಎಂದು ಅವುಗಳ ಹೆಸರು. ಪಕ್ಕದ ಕೊಡಗಿನಲ್ಲಿ ಪ್ರವಾಸಿಗಳ ವಿನೋದಕ್ಕಾಗಿ ಅವನ್ನು ಓಡಿಸುವುದನ್ನು ನಾನು ಕಂಡಿದ್ದೇನೆ. ಆದರೆ ನಮ್ಮ ಕಡೆ ಆ ಕೆಲಸವನ್ನು ವಿನೋದಕ್ಕಲ್ಲದೆ ಹೊಟ್ಟೆಪಾಡಿಗಾಗಿ ಮಾಡಿಕೊಂಡು ಬಂದದ್ದು ಜೀಪು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಆರು ಲಕ್ಷಕ್ಕೂ ಮಿಗಿಲಾಗಿ ತಯಾರಿಸಿದ ಈ ಗಾಡಿ, 1947ರಲ್ಲಿ ಮಹೀಂದ್ರ ಸಂಸ್ಥೆಯವರು ಮುಂಬಯಿಯಲ್ಲಿ ಅದನ್ನು ಜೋಡಿಸತೊಡಗಿದ ಮೇಲೆ ನಮ್ಮದೇ ಆಯಿತು. ಸೈನಿಕನ ವೇಷ ಕಳಚಿ ರೈತನ ಪಂಚೆ ಉಟ್ಟಿತು ಎನ್ನಬಹುದು.

ನಮ್ಮ ಮನೆಗೆ ಜೀಪು ಬಂದದ್ದು ನಾನು ಇನ್ನೂ ಸ್ಲೇಟು ಹಿಡಿಯುತ್ತಿದ್ದ ಕಾಲದಲ್ಲಿ, ಕೊಡಗಿನ ಕಾಫಿ ತೋಟದವರೊಬ್ಬರಿಂದ, ಎರಡನೆಯ ಕೈಯಾಗಿ. ತಂಬಾಕು ಮಂಡಳಿಯವರು 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿಯನ್ನು ಆರಂಭಿಸಿದ ಮೇಲೆ ನಮ್ಮ ಕಡೆಯ ರೈತರ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿತ್ತು. ಆ ಕಾಸಿನಲ್ಲಿ ಕೆಲವರು ಮನೆಗೆ ತಾರಸಿ ಹಾಕಿಸಿದರು. ಅಪ್ಪ ಜೀಪು ತಂದರು. ಅಂದಿನಿಂದ ಅದು ಬ್ಯಾರನ್ನಿಗೆ ಸೌದೆ ಹೊತ್ತಿದೆ, ಹರಾಜು ಕಟ್ಟೆಗೆ ಬೇಲು ಹೊತ್ತಿದೆ, ಬೆಟ್ಟದಪುರದ ಜಾತ್ರೆಗೆ ಬೀದಿಯ ಮಕ್ಕಳನ್ನೆಲ್ಲ ಹೊತ್ತಿದೆ, ನನ್ನ ಅಕ್ಕನನ್ನು ಗಂಡನ ಮನೆಗೆ ಕಳುಹಿಸಿಕೊಟ್ಟಿದೆ. ಅಪ್ಪನಿಗೆ ಈಗ ಎಪ್ಪತ್ತೆರಡು. ಮಂಡಿ ನೋವಿನಿಂದ ಹೊಲದವರೆಗೆ ನಡೆಯಲಾರರು; ಆದರೆ ಜೀಪಿನ ಮೇಲೆ ಕುಳಿತರೆಂದರೆ ಮೂವತ್ತು ವರ್ಷ ಇಳಿದುಹೋಗುತ್ತದೆ. ಜೀಪು ಅವರ ವಾಹನವೆನ್ನುವುದಕ್ಕಿಂತ ಅವರ ಕಾಲು ಎನ್ನುವುದೇ ಸರಿ.

ಈ ಕಾಲಿಗೆ ಜೂನ್ ತಿಂಗಳಿನಲ್ಲಿ ವಾಯು ಹಿಡಿಯಿತು. ಕೀಲಿ ತಿರುಗಿಸಿದರೆ ‘ಟಕ್’ ಎಂಬ ಒಂದೇ ಸದ್ದು. ಇಂಜಿನ್ನು ಮಾತ್ರ ಮಿಸುಕದು. ಅಪ್ಪ ಕೆಳಗಿಳಿದು ಬಾನೆಟ್ಟು ಎತ್ತಿ, ವೀಲ್ ಸ್ಪ್ಯಾನರಿನಿಂದ ಸೆಲ್ಫಿನ ಬೆನ್ನ ಮೇಲೆ ಎರಡು ಏಟು ಹಾಕಿದರೆ ಮತ್ತೆ ಎರಡು ದಿನ ನೆಟ್ಟಗಿರುತ್ತಿತ್ತು. ಏಟಿಗೆ ಬಗ್ಗಿದ ವಿದ್ಯಾರ್ಥಿ ಬಹಳ ದಿನ ಬಗ್ಗಿರುವುದಿಲ್ಲವೆಂಬುದು ಉಪಾಧ್ಯಾಯರಿಗೆಲ್ಲ ತಿಳಿದ ವಿಷಯ. ಜುಲೈ ಹೊತ್ತಿಗೆ ಏಟೂ ನಾಟದಾಯಿತು.

ಹಳೆಯ ಪೆಟ್ರೋಲು ಜೀಪಾಗಿದ್ದರೆ ಉಪಾಯವಿತ್ತು. ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲಿ ಸೆಲ್ಫಿನ ಗುಂಡಿ ನೆಲದ ಮೇಲೆಯೇ ಇದ್ದು, ಅದನ್ನು ಕಾಲಿನಿಂದ ತುಳಿಯಬೇಕಿತ್ತು. ಅದೂ ಕೈಕೊಟ್ಟರೆ ಮುಂಭಾಗದ ಕಿಂಡಿಗೆ ಹ್ಯಾಂಡಲ್ ತೂರಿಸಿ ತಿರುವಿದರಾಯಿತು. ಅಪ್ಪನ ಜೀಪು ಡೀಸೆಲಿನದು. ಪೆಟ್ರೋಲು ಇಂಜಿನ್ನು ತನ್ನೊಳಗಿನ ಗಾಳಿಯನ್ನು ಏಳರಲ್ಲೊಂದು ಪಾಲಿಗೋ ಎಂಟರಲ್ಲೊಂದು ಪಾಲಿಗೋ ಅದುಮಿ, ಕಿಡಿ ಹಾರಿಸಿ ಹೊತ್ತಿಸುತ್ತದೆ. ಡೀಸೆಲು ಇಂಜಿನ್ನು ಗಾಳಿಯನ್ನು ಸುಮಾರು ಇಪ್ಪತ್ತರಲ್ಲೊಂದು ಪಾಲಿಗೆ ಅದುಮಿ, ಆ ಅದುಮುವಿಕೆಯ ಕಾವಿನಿಂದಲೇ ಎಣ್ಣೆಯನ್ನು ಹೊತ್ತಿಸುತ್ತದೆ. ಅಂಥ ಇಂಜಿನ್ನನ್ನು ಕೈಯಿಂದ ತಿರುವುವುದು ಎಪ್ಪತ್ತರ ಮುದುಕನಿಗಿರಲಿ, ಇಪ್ಪತ್ತರ ಜಟ್ಟಿಗೂ ಆಗದ ಮಾತು. ಆದರೆ ಡೀಸೆಲಿಗೆ ಒಂದು ಸದ್ಗುಣವಿದೆ. ಗಾಡಿಯನ್ನು ನೂಕಿ, ಎರಡನೆಯ ಗೇರಿನಲ್ಲಿ ಕ್ಲಚ್ಚು ಬಿಟ್ಟರೆ, ಚಕ್ರಗಳೇ ಇಂಜಿನ್ನನ್ನು ತಿರುಗಿಸಿ ಎಬ್ಬಿಸುತ್ತವೆ. ಒಮ್ಮೆ ಎದ್ದ ಮೇಲೆ ಅದು ಯಾರ ಹಂಗೂ ಇಲ್ಲದೆ ಓಡುತ್ತದೆ.

ಹೀಗಾಗಿ ಅಪ್ಪನಿಗೆ ಬೇಕಾದದ್ದು ನೂಕುವ ಜನ. ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯಲ್ಲಿ ಗಾಡಿ ನಿಂತರೆ ಸಾಕು, ಕರೆಯದೆಯೇ ಹತ್ತು ಮಂದಿ ಸೇರುತ್ತಿದ್ದರು. ಜೀಪು ಬುರ್ರೆಂದು ಹೊರಟು, ಕಪ್ಪು ಹೊಗೆ ಮುಖಕ್ಕೆ ಬಡಿದಾಗ ನಾವೆಲ್ಲ ಯುದ್ಧ ಗೆದ್ದವರಂತೆ ಕೇಕೆ ಹಾಕುತ್ತಿದ್ದೆವು. ಆ ಹತ್ತು ಮಂದಿಯಲ್ಲಿ ಇಂದು ಊರಲ್ಲಿರುವವರು ಇಬ್ಬರು. ಉಳಿದವರು ಬೆಂಗಳೂರಿನ ಕಾರ್ಖಾನೆಗಳಲ್ಲಿ, ಮೈಸೂರಿನ ಅಂಗಡಿಗಳಲ್ಲಿ, ಕುಶಾಲನಗರದ ಹೋಟೆಲುಗಳಲ್ಲಿ ಇದ್ದಾರೆ. ಒಬ್ಬ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಾನೆ. ಬೀದಿಯಲ್ಲಿ ಉಳಿದವರು ಅಪ್ಪನ ಓರಗೆಯ ಮುದುಕರು, ಅವರ ಹೆಂಡಿರು, ಶಾಲೆಗೆ ಹೋಗುವ ಕೆಲವು ಮಕ್ಕಳು. ಸೌಜನ್ಯಕ್ಕೇನೂ ಕೊರತೆಯಿಲ್ಲ, ಎಲ್ಲರೂ ಬಂದು ಬೆನ್ನು ಕೊಡುತ್ತಾರೆ. ಜೀಪು ಮಾತ್ರ ಕದಲುವುದಿಲ್ಲ.

ಮನುಷ್ಯರು ಸಾಲದಾದಾಗ ಅಪ್ಪ ಭೂಮಿತಾಯಿಯ ಮೊರೆ ಹೋದರು. ನಮ್ಮ ಮನೆಯಿಂದ ಮುಂದೆ ಬೀದಿ ಕೆರೆಯ ಕಡೆಗೆ ಇಳಿಯುತ್ತದೆ. ಆ ಇಳಿಜಾರಿನ ತಲೆಯ ಮೇಲೆ ಜೀಪನ್ನು ತಂದು ನಿಲ್ಲಿಸಿ, ಮುಂದಿನ ಚಕ್ರಕ್ಕೆ ಎರಡು ಕಲ್ಲು ಕೊಡುವುದು; ಹೊರಡುವಾಗ ಕೀಲಿ ತಿರುಗಿಸಿ, ಹೀಟರ್ ಕಾಯುವವರೆಗೆ ಹತ್ತು ಎಣಿಸಿ, ಕಲ್ಲು ತೆಗೆಸಿ ಬ್ರೇಕು ಬಿಡುವುದು. ಜೀಪು ಉರುಳುತ್ತದೆ, ಇಂಜಿನ್ನು ಏಳುತ್ತದೆ. ಹೋದೆಡೆಯಲ್ಲೆಲ್ಲ ಇಳಿಜಾರನ್ನು ಹುಡುಕಿ ನಿಲ್ಲಿಸುವುದು ಅವರಿಗೆ ಅಭ್ಯಾಸವಾಯಿತು. ತಾಲ್ಲೂಕಿನ ಏರುತಗ್ಗುಗಳ ವಿಷಯದಲ್ಲಿ ಅಪ್ಪನಷ್ಟು ಖಚಿತವಾದ ಜ್ಞಾನವುಳ್ಳವರು ಭೂಗೋಳ ಶಾಸ್ತ್ರಜ್ಞರಲ್ಲಿಯೂ ಇರಲಾರರು. “ಮಾಡಿಸೋಣ ಅಪ್ಪಾ” ಎಂದು ನಾನು ಹೇಳಿದಾಗಲೆಲ್ಲ, “ಸೊಪ್ಪು ಇಳೀಲಿ, ಹರಾಜಾಗ್ಲಿ, ನೋಡುವ” ಎಂಬುದೇ ಉತ್ತರ. ರೈತನ ಮನೆಯಲ್ಲಿ ಎಲ್ಲ ರಿಪೇರಿಗಳೂ ಹರಾಜಿನ ಆಚೆಗೇ ಇರುತ್ತವೆ.

ಆಗಸ್ಟ್ ತಿಂಗಳ ಒಂದು ರಾತ್ರಿ. ಅದು ಸೊಪ್ಪು ಹದಗೊಳಿಸುವ ಕಾಲ. ಬ್ಯಾರನ್ನಿಗೆ ಹಸಿರು ಸೊಪ್ಪು ಏರಿಸಿದ ಮೇಲೆ ಐದಾರು ದಿನ ಹಗಲೂ ರಾತ್ರಿಯೂ ಉರಿ ಕಾಯಬೇಕು. ಕಾವು ಹೆಚ್ಚಾದರೂ ಕಡಮೆಯಾದರೂ ವರ್ಷದ ದುಡಿಮೆ ಬಣ್ಣಗೆಡುತ್ತದೆ. ಅಪ್ಪ ಒಲೆಯ ಬಾಯಿಯ ಮುಂದೆ ಕಂಬಳಿ ಹೊದ್ದು ಕುಳಿತಿದ್ದರು. ಮಳೆ ಜಿನುಗುತ್ತಿತ್ತು. ಎರಡು ಗಂಟೆಯ ಸುಮಾರಿಗೆ ಅವ್ವನಿಗೆ ಉಬ್ಬಸ ಏರಿತು. ಉಬ್ಬಸ ಅವಳಿಗೆ ಹಳೆಯ ನಂಟ. ಆದರೆ ಅಂದು ಅದು ಬಂದ ರೀತಿಯೇ ಬೇರೆ. ಮಾತು ಹೊರಡದೆ, ಬಾಗಿಲ ಚೌಕಟ್ಟನ್ನು ಹಿಡಿದು ನಿಂತಳಂತೆ. ಫೋನು ಮಾಡಿ ಕಾಯುವುದು ಅಪ್ಪನ ಸ್ವಭಾವವಲ್ಲ. ಪಕ್ಕದ ಮನೆಯ ಅತ್ತೆಯನ್ನು ಕೂಗಿ ಬ್ಯಾರನ್ನಿನ ಉರಿಯನ್ನು ಅವರಿಗೊಪ್ಪಿಸಿ, ಅವ್ವನನ್ನು ಜೀಪಿನಲ್ಲಿ ಕೂರಿಸಿ, ಹತ್ತು ಎಣಿಸಿ, ಕತ್ತಲಲ್ಲಿ ಬ್ರೇಕು ಬಿಟ್ಟರು. ಆ ಹತ್ತು ಎಣಿಸುವಷ್ಟು ಹೊತ್ತು ತಮ್ಮ ಜೀವಮಾನದಲ್ಲೇ ದೀರ್ಘವಾದದ್ದೆಂದು ಅವರು ನನಗೆ ಹೇಳಲಿಲ್ಲ. ಪಕ್ಕದ ಮನೆಯ ಅತ್ತೆಗೆ ಹೇಳಿದರಂತೆ. ಒದ್ದೆ ನೆಲದಲ್ಲಿ ಜೀಪು ಜಾರಿತು, ಕೆಮ್ಮಿತು, ಕೆರೆಯ ಏರಿ ತಲಪುವುದರೊಳಗೆ ಎದ್ದಿತು.

ತಾಲ್ಲೂಕು ಕೇಂದ್ರದ ಆಸ್ಪತ್ರೆಯ ಅಂಗಳ ಹಲಗೆಯಂತೆ ಮಟ್ಟಸ. ಅಪ್ಪ ಇಂಜಿನ್ನನ್ನು ನಿಲ್ಲಿಸಲಿಲ್ಲ. ಅವ್ವನನ್ನು ಒಳಗೆ ಕರೆದೊಯ್ದು, ಮುಖಕ್ಕೆ ಔಷಧದ ಹಬೆ ಹಿಡಿಸಿದ್ದನ್ನು ನೋಡಿ, ಹೊರಗೆ ಬಂದು ಜೀಪಿನ ಪಕ್ಕದಲ್ಲಿ ನಿಂತರು. ಕಾವಲುಗಾರ ಬಂದು, “ಯಜಮಾನ್ರೇ, ರೋಗಿಗಳು ಮಲ್ಗವ್ರೆ, ಗಾಡಿ ಆಫ್ ಮಾಡಿ” ಎಂದ. ಅಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವನಿಗೂ ಅರುವತ್ತು ದಾಟಿತ್ತು, ಕೈಯಲ್ಲಿ ಊರುಗೋಲು. “ಆಫ್ ಮಾಡ್ತೀನಪ್ಪ. ಆಮೇಲೆ ನೀನು ತಳ್ತೀಯಾ?” ಎಂದರು. ಅವನು ಜೀಪನ್ನೊಮ್ಮೆ, ತನ್ನ ಕೋಲನ್ನೊಮ್ಮೆ ನೋಡಿ, “ಒಸಿ ಗೇಟ್‌ತಾವಾದ್ರೂ ನಿಲ್ಸಿ” ಎಂದು ರಾಜಿಯಾದ. ಮೂರೂವರೆ ಗಂಟೆಯ ಕಾಲ ಆ ಇಂಜಿನ್ನು ಗೇಟಿನ ಬಳಿ ಒಂದೇ ಸಮನೆ ಮಿಡಿಯುತ್ತಿತ್ತು.

ಬೆಳಗಿನ ಹೊತ್ತಿಗೆ ಉಬ್ಬಸ ಇಳಿಯಿತು. ಡಾಕ್ಟರು ಮನೆಗೆ ಕಳುಹಿಸಿದರು. ಸುದ್ದಿ ತಿಳಿದು ನಾನು ಊರಿಗೆ ಓಡಿಬಂದಾಗ ಅವ್ವ ಜಗಲಿಯ ಮೇಲೆ ಕುಳಿತು ಅವರೆಕಾಳು ಆರಿಸುತ್ತಿದ್ದಳು. ನಾನು ಆ ರಾತ್ರಿಯ ಮಾತೆತ್ತಿದೆ. “ಮೂತಿಗೆ ಅದೇನೋ ಕಟ್ಟಿದ್ರು ಕಣಪ್ಪ, ಮಾತಾಡಾಂಗಿಲ್ಲ. ಆಚೆ ಗಾಡಿ ಸದ್ದು ಕೇಳ್ತಿತ್ತು. ಅದು ನಿಂತಿಲ್ಲ ಅಂದ್ರೆ ನಿಮ್ಮಪ್ಪ ಅಲ್ಲೇ ಅವ್ರೆ ಅಂತ ಧೈರ್ಯ” ಎಂದಳು. ಅಪ್ಪ ಅಲ್ಲಿಯೇ ಇದ್ದರು. ಏನೂ ಕೇಳಿಸದವರಂತೆ ಎದ್ದು ಬ್ಯಾರನ್ನಿನ ಕಡೆ ಹೋದರು. ಆದರೆ ಈ ಸಲ “ಹರಾಜಾಗ್ಲಿ” ಎನ್ನಲಿಲ್ಲ. ಭಾನುವಾರ ಮೆಕ್ಯಾನಿಕ್ ಬಂದ.

ಆತ ಬೆಟ್ಟದಪುರದ ಕಡೆಯ ತರುಣ, ಮಾತು ಕಡಮೆ. ಮೊದಲು ಬ್ಯಾಟರಿಯನ್ನು ಅಳೆದ. ಹನ್ನೆರಡೂವರೆ ವೋಲ್ಟು, ಕೊರತೆಯಿಲ್ಲ. ಬ್ಯಾಟರಿಯ ತುದಿಗಳ ಬೂಷ್ಟನ್ನು ಉಪ್ಪುಕಾಗದದಿಂದ ಉಜ್ಜಿದ. ಬಳಿಕ ಮುಂದಿನ ದೀಪ ಹಾಕಿ, ನನ್ನಿಂದ ಕೀಲಿ ತಿರುಗಿಸಿದ. ‘ಟಕ್’ ಎಂದಿತು, ದೀಪ ಮಂಕಾಗಲಿಲ್ಲ. “ನೋಡಿ ಮೇಷ್ಟ್ರೇ, ದೀಪ ಮಂಕಾದ್ರೆ ಕರೆಂಟು ಒಳಕ್ಕೆ ಹೋಗಿ ಕೆಲ್ಸ ಆಗ್ದೆ ಒದ್ದಾಡ್ತದೆ ಅಂತ. ಮಂಕೇ ಆಗ್ಲಿಲ್ಲ ಅಂದ್ರೆ ಕರೆಂಟೇ ಒಳಕ್ಕೆ ಹೋಗ್ತಿಲ್ಲ” ಎಂದ. ತರ್ಕಶಾಸ್ತ್ರದ ಅಧ್ಯಾಪಕರೂ ಮೆಚ್ಚಬೇಕಾದ ಅನುಮಾನ ಪ್ರಮಾಣ!

ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಮೊಟ್ಟಮೊದಲು ಬ್ಯಾಟರಿಯ ಭೂಮಿಯ ತಂತಿಯನ್ನು, ಎಂದರೆ ಋಣ ತುದಿಯನ್ನು, ಕಳಚಬೇಕು. ಸೆಲ್ಫಿಗೆ ಬರುವ ಹೆಬ್ಬೆರಳು ದಪ್ಪದ ತಂತಿಯಲ್ಲಿ ಸದಾ ವಿದ್ಯುತ್ತು ಇರುತ್ತದೆ. ಸ್ಪ್ಯಾನರು ಅದಕ್ಕೂ ಗಾಡಿಯ ಮೈಗೂ ಒಟ್ಟಿಗೆ ತಗುಲಿದರೆ ಕಬ್ಬಿಣವೇ ಕಾದು ಬೆಸೆದುಹೋಗುತ್ತದೆ. ಆಮೇಲೆ ಆ ದಪ್ಪ ತಂತಿ, ಕೀಲಿಯಿಂದ ಬರುವ ತೆಳುವಾದ ತಂತಿ, ಕೊನೆಗೆ ಬೋಲ್ಟುಗಳು. ಅವುಗಳಲ್ಲಿ ಒಂದು ಮಾತ್ರ ಕಣ್ಣಿಗೂ ಕಾಣದ, ಕೈಗೂ ಎಟುಕದ ಮೂಲೆಯಲ್ಲಿ ಅಡಗಿರುವುದು ಎಲ್ಲ ಗಾಡಿಗಳ ಸಂಪ್ರದಾಯವಂತೆ. ಅದನ್ನು ಸಡಿಲಿಸಲು ಒಂದು ಗಂಟೆ ಹಿಡಿಯಿತು. ನನ್ನ ಪಾಲಿನ ಕೆಲಸ ಟಾರ್ಚು ಹಿಡಿಯುವುದು. ಬೋಲ್ಟು ಕಳಚುವಾಗ ಹತ್ತು ಕಿಲೋ ಭಾರದ ಸೆಲ್ಫು ಆತನ ಎದೆಯ ಮೇಲೆ ಬೀಳದಂತೆ ಕೈಯೊಡ್ಡುವುದು.

ಹೊರಬಂದ ಸೆಲ್ಫನ್ನು ಆತ ಜಗಲಿಯ ಮೇಲೆ ಬಿಚ್ಚಿಟ್ಟ. ತಿರುಗುವ ಆರ್ಮೇಚರಿಗೆ ವಿದ್ಯುತ್ತನ್ನು ದಾಟಿಸುವ ಕಾರ್ಬನ್ ಬ್ರಷ್ಷುಗಳು ಸವೆದು ಉಗುರಿನಷ್ಟಾಗಿದ್ದವು. ಅವು ತಾಮ್ರದ ಪಟ್ಟಿಗಳಿಗೆ ಮುಟ್ಟದೆ ನಿಂತಿದ್ದವು; ಅಪ್ಪನ ಸ್ಪ್ಯಾನರಿನ ಏಟಿಗೆ ಅದುರಿ ಒಂದೆರಡು ಸಲ ಮುಟ್ಟಿದ್ದೇ ಅದುವರೆಗಿನ ಪವಾಡ. ಬ್ರಷ್ಷು ಬದಲಾಯಿಸಿದರೆ ಸಾಲದೆ ಎಂದೆ. ಆತ ಕಪ್ಪಗೆ ಸುಟ್ಟು ಗೀರು ಬಿದ್ದಿದ್ದ ತಾಮ್ರವನ್ನೂ, ಸವೆದ ಬುಷ್ಷನ್ನೂ ತೋರಿಸಿ ತಲೆಯಲ್ಲಾಡಿಸಿದ. ಹಳೆಯದನ್ನು ಚೀಲಕ್ಕೆ ಹಾಕಿಕೊಂಡು ನಾವಿಬ್ಬರೂ ಹುಣಸೂರಿಗೆ ಹೋಗಿ, ತುದಿಯ ಪುಟ್ಟ ಹಲ್ಲುಚಕ್ರದ ಹಲ್ಲುಗಳನ್ನು ಒಂದೊಂದಾಗಿ ಎಣಿಸಿ, ಬೋಲ್ಟಿನ ತೂತುಗಳನ್ನು ಹೋಲಿಸಿ, ಹೊಸದನ್ನು ತಂದೆವು. ಗಂಡು ಹೆಣ್ಣಿನ ಜಾತಕವನ್ನು ಇಷ್ಟು ಎಚ್ಚರಿಕೆಯಿಂದ ಕೂಡಿಸುವುದನ್ನು ನಾನು ಕಂಡಿಲ್ಲ.

ದಾರಿಯುದ್ದಕ್ಕೂ ಮಡಿಲಲ್ಲಿ ಆ ಹೊಸ ಸೆಲ್ಫನ್ನು ಹೊತ್ತು ಕುಳಿತಿದ್ದ ನನಗೆ ಅದನ್ನು ಕಂಡುಹಿಡಿದ ಮಹಾಶಯನ ನೆನಪಾಯಿತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಮೊದಲಿಗೆ ಅಂಗಡಿಗಳ ಹಣದ ಪೆಟ್ಟಿಗೆ ತಯಾರಿಸುವ ಕಂಪೆನಿಯಲ್ಲಿದ್ದ. ಕೈಯಿಂದ ತಿರುವುವ ಆ ಪೆಟ್ಟಿಗೆಗೆ ಪುಟ್ಟ ವಿದ್ಯುತ್ ಮೋಟಾರನ್ನು ಜೋಡಿಸಿದ್ದ. ಆ ಕಾಲದಲ್ಲಿ ಕಾರುಗಳನ್ನು ಹ್ಯಾಂಡಲಿನಿಂದ ತಿರುವಬೇಕಿತ್ತು. ಅದು ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಕಾರನ್ನೆಬ್ಬಿಸಲು ಕಾರಿನಷ್ಟೇ ದೊಡ್ಡ ಮೋಟಾರು ಬೇಕಾದೀತೆಂದು ಅನೇಕರು ಕೈಬಿಟ್ಟಿದ್ದ ಕೆಲಸವದು. ಕೆಟರಿಂಗ್ ಕಂಡುಕೊಂಡ ಗುಟ್ಟು ಸರಳ: ಮೋಟಾರು ದಿನವೆಲ್ಲ ದುಡಿಯಬೇಕಾಗಿಲ್ಲ, ಒಂದೆರಡು ಕ್ಷಣ ದುಡಿದರೆ ಸಾಕು, ಅಷ್ಟು ಹೊತ್ತು ಸಣ್ಣ ಮೋಟಾರು ಕೂಡ ತನ್ನ ಶಕ್ತಿಗೆ ಮೀರಿದ ಭಾರವನ್ನು ಹೊರಬಲ್ಲದು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅದು ಹೊರಬಂದಿತು. ಹ್ಯಾಂಡಲಿನ ಭಯ ತೊಲಗಿ, ಹೆಂಗಸರೂ ವಯಸ್ಸಾದವರೂ ಯಾರ ತೋಳನ್ನೂ ಬೇಡದೆ ಕಾರು ನಡೆಸುವುದು ಸುಲಭವಾಯಿತು.

ಹಾಗಾದರೆ ಇದು ನಿಜವಾಗಿಯೂ ‘ಸೆಲ್ಫ್’ ತಾನೆ? ತಾನೇ ತಾನಾಗಿ ನಡೆಯುವುದೆ? ಲೆಕ್ಕ ಹಾಕಿ ನೋಡೋಣ. ಡೀಸೆಲು ಜೀಪಿನ ಸೆಲ್ಫ್ ಏಳುವ ಹೊತ್ತಿನಲ್ಲಿ ಬ್ಯಾಟರಿಯಿಂದ ಮುನ್ನೂರು ಆಂಪಿಯರಿನಷ್ಟು ವಿದ್ಯುತ್ತನ್ನು ಸೆಳೆಯಬಹುದು. ಹನ್ನೆರಡು ವೋಲ್ಟಿನ ಲೆಕ್ಕದಲ್ಲಿ 3,600 ವ್ಯಾಟು. ಬಚ್ಚಲಿನ ಗೀಸರು ಬಳಸುವುದು 2,000. ಆ ಹೊಳೆ ಹರಿಯುವುದು ಮೂರು ಸೆಕೆಂಡು ಮಾತ್ರ. ಇಂಜಿನ್ನು ಎದ್ದ ಮೇಲೆ ಅದರ ಡೈನಮೋ ಹತ್ತು ಆಂಪಿಯರಿನಂತೆ ತುಂಬಿಕೊಟ್ಟರೂ ಎರಡು ನಿಮಿಷದೊಳಗೆ ಆ ಕೈಗಡ ತೀರಿಹೋಗುತ್ತದೆ. ಎಂದರೆ ಇಂದು ಏಳುವ ಶಕ್ತಿ ನಿನ್ನೆ ಓಡಿದ್ದರ ಉಳಿತಾಯ. ಸೆಲ್ಫಿನಲ್ಲಿ ತನ್ನದೆಂಬುದು ಏನೂ ಇಲ್ಲ. ಇನ್ನೊಂದು ಸೋಜಿಗ: ಸೆಲ್ಫಿನ ಹಲ್ಲುಚಕ್ರ ಮುಂದೆ ಚಾಚಿ, ಇಂಜಿನ್ನಿನ ದೊಡ್ಡ ಚಕ್ರಕ್ಕೆ ಹಲ್ಲು ಕೊಟ್ಟು ತಿರುಗಿಸಿ, ಇಂಜಿನ್ನು ಎದ್ದೊಡನೆ ಹಿಂದೆ ಸರಿಯಬೇಕು. ಅದು ಹತ್ತು ಹನ್ನೆರಡು ಸುತ್ತು ತಿರುಗಿದರೆ ದೊಡ್ಡ ಚಕ್ರ ಒಂದು ಸುತ್ತು ತಿರುಗುತ್ತದೆ. ಹಿಂದೆ ಸರಿಯದೆ ಕಚ್ಚಿಕೊಂಡೇ ಇದ್ದರೆ, ಎದ್ದ ಇಂಜಿನ್ನು ಅದನ್ನು ಅಷ್ಟೇ ಪಾಲು ವೇಗದಲ್ಲಿ ತಿರುಗಿಸಿ ಚಿಂದಿ ಮಾಡಿಬಿಡುತ್ತದೆ. ಎಬ್ಬಿಸುವುದು, ಎದ್ದವನ ದಾರಿಯಿಂದ ಸರಿಯುವುದು — ಇವೆರಡೂ ಸೇರಿ ಅದರ ಧರ್ಮ. ಮಕ್ಕಳನ್ನು ಊರಿಂದಾಚೆ ನೂಕಿ, ತಾವು ಹಿಂದೆ ಸರಿದು ನಿಂತ ತಂದೆತಾಯಿಯರ ನೆನಪು ಇಲ್ಲಿ ಬಂದರೆ ಅದು ನನ್ನ ತಪ್ಪಲ್ಲ. ಯಂತ್ರದ ರಚನೆಯೇ ಹಾಗಿದೆ.

ಸಂಜೆ ನಾಲ್ಕಕ್ಕೆ ಹೊಸ ಸೆಲ್ಫನ್ನು ಕೂರಿಸುವ ಮುನ್ನ ಆತ ಕಿಂಡಿಯೊಳಗೆ ಟಾರ್ಚು ಬಿಟ್ಟು ದೊಡ್ಡ ಚಕ್ರದ ಹಲ್ಲುಗಳನ್ನು ತೋರಿಸಿದ. ಸುತ್ತಲೂ ನೆಟ್ಟಗಿದ್ದ ಹಲ್ಲುಗಳು ಎದುರುಬದುರಾದ ಎರಡು ಕಡೆ ಮಾತ್ರ ಸವೆದಿದ್ದವು. ನಾಲ್ಕು ಸಿಲಿಂಡರಿನ ಇಂಜಿನ್ನು ನಿಲ್ಲುವಾಗ ಒಳಗಿನ ಗಾಳಿಯ ತಡೆಯಿಂದಾಗಿ ಹೆಚ್ಚಾಗಿ ಆ ಎರಡು ಜಾಗಗಳಲ್ಲೇ ನಿಲ್ಲುತ್ತದಂತೆ. ಇಷ್ಟು ವರ್ಷ ಅಪ್ಪ ಎದ್ದದ್ದೆಲ್ಲ ಆ ಎರಡು ಕಡೆಯಿಂದಲೇ. ಕೂರುವ ಜಾಗವನ್ನು ಉಜ್ಜಿ ಹೊಳಪಿಸಿ, ಬೋಲ್ಟು ಬಿಗಿದು, ತಂತಿಗಳನ್ನು ಸೇರಿಸಿ, ಎಲ್ಲಕ್ಕೂ ಕೊನೆಯಲ್ಲಿ ಬ್ಯಾಟರಿಯ ಭೂಮಿಯ ತಂತಿಯನ್ನು ಕೊಟ್ಟು, “ಈಗ ಹೊಡೀರಿ ಯಜಮಾನ್ರೇ. ಹತ್ತು ಸೆಕೆಂಡಿಗಿಂತ ಹಿಡೀಬೇಡಿ, ಏಳ್ಲಿಲ್ಲ ಅಂದ್ರೆ ಅರೆ ನಿಮಿಷ ಬಿಟ್ಟು ಹೊಡೀರಿ” ಎಂದ. ಅಪ್ಪ ಕೀಲಿ ತಿರುಗಿಸಿದರು. ಹತ್ತು ಸೆಕೆಂಡು ಬೇಕಾಗಲಿಲ್ಲ. ಬೀದಿಯ ಮುದುಕರೆಲ್ಲ ಜಗಲಿಗಳ ಮೇಲೆ ಎದ್ದು ನಿಂತು ನೋಡಿದರು. ಇನ್ನು ತಮ್ಮ ಬೆನ್ನಿನ ಅಗತ್ಯವಿಲ್ಲವೆಂಬ ಸಮಾಧಾನವೋ, ಕೊರತೆಯೋ, ಅವರ ಮುಖದಲ್ಲಿ ಎರಡೂ ಇದ್ದಂತೆ ನನಗೆ ತೋರಿತು.

ಇದಾಗಿ ತಿಂಗಳುಗಳೇ ಕಳೆದಿವೆ. ಸೊಪ್ಪು ಹರಾಜಾಯಿತು; ಅವ್ವನ ಉಬ್ಬಸ ಹದ್ದಿನಲ್ಲಿದೆ. ಸೆಲ್ಫ್ ಒಂದು ದಿನವೂ ತಕರಾರು ಮಾಡಿಲ್ಲ. ಆದರೂ ಅಪ್ಪ ಜೀಪನ್ನು ಇಂದಿಗೂ ಅದೇ ಇಳಿಜಾರಿನ ತಲೆಯ ಮೇಲೆಯೇ ನಿಲ್ಲಿಸಿ, ಚಕ್ರಕ್ಕೆ ಎರಡು ಕಲ್ಲು ಕೊಡುತ್ತಾರೆ. ಹೊಸ ಸೆಲ್ಫ್ ಇರುವಾಗ ಇದೇಕೆ ಎಂದು ಕೇಳಿದರೆ, “ಇರ್ಲಿ ಬಿಡೋ ಮಗ. ಸೆಲ್ಫು ಅಂಗಡೀದು, ಇಳಿಜಾರು ಊರ್ದು” ಎನ್ನುತ್ತಾರೆ.